ಕನ್ನಡಿ ಬೀರು

ಫಳಕ್ ಅಂತ ಕಣ್ಣಿಗೆ ಹೊಡೆದದ್ದು ಏನು ಎಂದು ರೇಣುಕಾ ಟಿಕೆಟ್ ಮೆಷಿನ್ನಿನಿಂದ ತಲೆ ಎತ್ತಿದಳು, ಮುಂದಿನ ಗಾಜಿನಾಚೆ, ಡ್ರೈವರ್ ಓಬಳೇಶನ ಭುಜದಾಚೆ, ಒಂದು ಗೂಡ್ಸ್ ಆಟೋ ಕುಂಟುತ್ತ ಹೋಗುತ್ತಿದೆ, ಅದರ ಬೆನ್ನ ಮೇಲೆ ಹೊಸ ಬೀರು, ನವಿಲಿನ ನೀಲಿ, ಎದ್ದು ನಿಲ್ಲಿಸಿ ಹಗ್ಗ ಬಿಗಿದಿದ್ದಾರೆ, ಬಾಗಿಲಿನ ಉದ್ದನೆಯ ಕನ್ನಡಿ ಹಿಂದಕ್ಕೆ, ನೇರ ಬಸ್ಸಿನ ಮುಖಕ್ಕೆ — ರಸ್ತೆಯಲ್ಲಿ ತಗ್ಗು ಬಂದಾಗಲೆಲ್ಲ ಬೀರು ಒಂದು ಸಲ ತಲೆಯಾಡಿಸುತ್ತದೆ, ಕೊಟ್ಟೂರಿನ ಬೆಳಗಿನ ಬಿಸಿಲನ್ನೆಲ್ಲ ಬಾಚಿ ತಂದು ಬಸ್ಸಿನೊಳಗೆ ಸುರಿಯುತ್ತದೆ. ಇವನ್ಯಾವನ್ರಿ ಕನ್ನಡಿ ನಮ್ ಕಡಿ ತಿರುವಿ ಕಟ್ಯಾನ, ಕಣ್ಣು ಕುಕ್ಕಾಕ ಹತ್ಯಾವು, ಅಂದ ಓಬಳೇಶ್, ಹಾರ್ನ್ ಒತ್ತಿದ, ಒಂದು ಕಡೆ ರಸ್ತೆ ಅಗೆದು ಹಾಕಿದ್ದಾರೆ, ದಾಟಿ ಹೋಗಲು ಜಾಗವಿಲ್ಲ. ಹೋಗಲಿ ಬಿಡಣ್ಣ, ಹಿಂದ ಹಿಂದ ನಡಿ, ಮಧ್ಯಾಹ್ನದೊಳಗ ಹಗರಿಬೊಮ್ಮನಹಳ್ಳಿ ಮುಟ್ಟಿಸು ಸಾಕು, ಅಂದಳು — ಆಧಾರ್ ಕಾರ್ಡ್ ತೋರಿಸ್ರಿ, ಎಲ್ಲಿಗವ್ವ, ಕೋಗಳಿಗಾ — ಮೆಷಿನ್ನು ಕರ್ ಅಂದು ಸೊನ್ನೆ ಟಿಕೆಟ್ಟು ಉಗುಳುತ್ತದೆ, ಹೆಂಗಸರಿಗೆಲ್ಲ ಸೊನ್ನೆ, ಅವಳ ಕೈಯಿಂದ ಇಡೀ ದಿನ ಸೊನ್ನೆಗಳೇ ಹೊರಬೀಳುತ್ತವೆ, ಸೊನ್ನೆಗೂ ಕೈ ನೋಯುತ್ತದೆ. ನೋಯಲಿ. ಈ ಒಂದು ಟ್ರಿಪ್ಪು ಮುಗಿದರೆ ಅರ್ಧ ದಿನ ರಜೆ, ಅಲ್ಲಿಂದ ನೇರ ನೋಂದಣಿ ಕಚೇರಿ, ಗಂಡ ಬೀರಲಿಂಗೇಶ್ ಮಗಳು ಕೀರ್ತನಾಳನ್ನು ಕರೆದುಕೊಂಡು ಬೆಳಿಗ್ಗೆಯೇ ಹೋಗಿ ಅಲ್ಲಿ ಬೇವಿನ ಮರದ ಕೆಳಗೆ ಕೂತಿದ್ದಾನೆ, ಮನೆ ಮಾರುವ ಕೊಟ್ರಬಸಪ್ಪ ಬರುತ್ತಾನೆ, ಬ್ಯಾಂಕಿನ ಪ್ರವೀಣಕುಮಾರ್ ಸಾರ್ ಡಿಡಿ ಹಿಡಿದು ಬರುತ್ತಾರೆ, ಅವಳು ಹೆಬ್ಬೆಟ್ಟು ಒತ್ತಿ ಫೋಟೋಕ್ಕೆ ಮುಖ ಕೊಟ್ಟು ಹೊರಗೆ ಬಂದರೆ ಬಾಡಿಗೆ ಮನೆಯ ರೇಣುಕಾ ಅಲ್ಲೇ ಮುಗಿದಳು. ಅಷ್ಟು ಹೊತ್ತು ಕಾಲು ನಿಂತರೆ ಸಾಕು. ಮುಂದಿನ ಸೀಟಿನ ಕಂಬಕ್ಕೆ ಸೊಂಟ ಆನಿಸಿದಳು.

ಬೀರು ಮತ್ತೆ ತಲೆಯಾಡಿಸಿತು. ಇಂಥದೇ ಕನ್ನಡಿ, ಹೌದು, ಇದಕ್ಕಿಂತ ಸ್ವಲ್ಪ ಅಗಲ, ಬಣ್ಣ ಮಾತ್ರ ಬೂದಿ, ನಾದಿನಿ ನಾಗರತ್ನಳ ಮದುವೆಗೆ ತಾನು ಮಾಡಿದ ಮುಯ್ಯಿ, ಹರಪನಹಳ್ಳಿಯ ಕಲ್ಯಾಣ ಮಂಟಪದಲ್ಲಿ ಮೈಕು ಹಿಡಿದವನು ಒಬ್ಬೊಬ್ಬರ ಉಡುಗೊರೆಯನ್ನೂ ಊರಿಗೆಲ್ಲ ಕೇಳುವಂತೆ ಓದುತ್ತಿದ್ದ, ಸೋದರಮಾವನಿಂದ ಐದು ಸಾವಿರದ ಒಂದು ಮುಯ್ಯಿ, ದೊಡ್ಡಪ್ಪನಿಂದ ತಾಮ್ರದ ಹಂಡೆ ಒಂದು, ಅಣ್ಣ ಅತ್ತಿಗಿಯಿಂದ ಕನ್ನಡಿ ಬೀರು ಒಂದು — ಅತ್ತಿಗಿಯಿಂದ ಅಂದಾಗ ಮಂಟಪದ ಹೆಂಗಸರೆಲ್ಲ ತಿರುಗಿ ನೋಡಿದರು, ಕುರಿ ಕಾಯುವವರ ಮನೆಯ ಸೊಸೆ, ಸರಕಾರಿ ನೌಕರಿ, ನೋಡು ಹೆಂಗ ಮಾಡ್ಯಾಳ, ಎಂದು ಯಾರೋ ಹಿಂದೆ ಅಂದದ್ದು ಕಿವಿಗೆ ಬಿತ್ತು, ಆಗ ಅವಳಿಗೆ ಹೊಸ ನೌಕರಿ, ಹೊಸ ಖಾಕಿ ಕೋಟು, ಕಿಸೆಯಲ್ಲಿ ಹೊಸ ಕಾರ್ಡು. ಆ ಕಾರ್ಡನ್ನು ಅವಳೇನು ಹುಡುಕಿಕೊಂಡು ಹೋಗಿರಲಿಲ್ಲ, ಬಸ್ ನಿಲ್ದಾಣಕ್ಕೇ ಟೇಬಲ್ಲು ಹಾಕಿಕೊಂಡು ಕೂತಿದ್ದ ಒಬ್ಬ ಟೈ ಕಟ್ಟಿದವನು ಕೊಟ್ಟದ್ದು, ಬರ್ರಿ ಮೇಡಂ, ನೌಕರಿ ಇದ್ದೋರಿಗೆ ಫ್ರೀ ಕಾರ್ಡು, ಜೊತಿಗೆ ಒಂದು ಛತ್ರಿ — ಛತ್ರಿ ಒಂದು ಮಳೆಗಾಲ ಬಾಳಲಿಲ್ಲ, ಕಾರ್ಡು ಬಾಳಿತು, ಆಹಾ ಏನು ಬಾಳಿತು. ಬೀರು ಅಂಗಡಿಯಲ್ಲಿ ಕಾರ್ಡು ಉಜ್ಜಿದಾಗ ಕೈಯಿಂದ ಏನೂ ಹೋಗಲಿಲ್ಲ, ನೋಟು ಎಣಿಸಿ ಕೊಟ್ಟಿದ್ದರೆ ನೋಟು ಹೋಗುವುದಾದರೂ ಕಾಣುತ್ತಿತ್ತು, ಕಾರ್ಡು ಹೋದ ಹಾಗೆಯೇ ವಾಪಸು ಕೈಗೆ ಬಂತು, ಬೀರೂ ಬಂತು, ಅಂಗಡಿಯವನು ಕುಂಕುಮ ಹಚ್ಚಿ ಆಟೋ ಏರಿಸಿದ, ಅವಳು ಆ ಕನ್ನಡಿಯಲ್ಲಿ ತನ್ನನ್ನು ತಲೆಯಿಂದ ಕಾಲಿನವರೆಗೆ ಒಟ್ಟಿಗೆ ಮೊದಲ ಸಲ ನೋಡಿಕೊಂಡಳು. ಅಂಗೈಯಗಲದ ಕನ್ನಡಿಯಲ್ಲಿ ಹಣೆ ಒಂದು ಸಲ, ಗಲ್ಲ ಒಂದು ಸಲ ನೋಡಿಕೊಂಡು ಬೆಳೆದವಳು. ಚೆಂದ ಇದ್ದೆ ಅನಿಸಿತ್ತು. ಕೋಗಳಿ, ಕೋಗಳಿ ಬಂತು, ಇಳಿಯೋರು ಮುಂದ ಬರ್ರಿ.

ಇಳಿದರು, ಹತ್ತಿದರು, ಆಟೋ ಅಷ್ಟರಲ್ಲಿ ಮುಂದೆ ಹೋಗಿರುತ್ತದೆ ಅಂದುಕೊಂಡರೆ ಅದೂ ಟೀ ಅಂಗಡಿ ಮುಂದೆ ನಿಂತು ಹಗ್ಗ ಬಿಗಿಸಿಕೊಂಡು ಮತ್ತೆ ಬಸ್ಸಿನ ಮುಂದೆಯೇ ಹೊರಟಿತು, ಬೀರುವಿನ ಪಕ್ಕ ಯಾರೋ ಕೂತಿದ್ದಾರೆ, ಮುಖ ಕಾಣುವುದಿಲ್ಲ, ಬಾಗಿಲು ತೆರೆಯದಂತೆ ಅಡ್ಡ ಹಿಡಿದ ಒಂದು ಕೈ ಮಾತ್ರ. ಹಿಡಿದುಕೊಳ್ಳಪ್ಪ, ಗಟ್ಟಿಯಾಗಿ ಹಿಡಿದುಕೊ. ತಿಂಗಳು ಕಳೆದ ಮೇಲೆ ಬಿಲ್ಲು ಬಂತಲ್ಲ, ಕೆಳಗೆ ಕನಿಷ್ಠ ಕಟ್ಟಬೇಕಾದ್ದು ಇಷ್ಟು ಎಂದು ಸಣ್ಣದೊಂದು ಮೊತ್ತ, ಅವಳು ಅದನ್ನೇ ಕಂತು ಎಂದು ತಿಳಿದಳು, ಸಂಘದಲ್ಲಿ ವಾರದ ಕಂತು ಕಟ್ಟಿದಂತೆ ತಪ್ಪದೆ ಕಟ್ಟಿದಳು, ಒಂದು ದಿನ ತಡ ಮಾಡಿದವಳಲ್ಲ, ಸಂಘದಲ್ಲಿ ಕಂತು ಕಟ್ಟುತ್ತ ಹೋದರೆ ಸಾಲ ತೀರುತ್ತದೆ, ಇಲ್ಲಿ ಕಟ್ಟುತ್ತ ಹೋದಷ್ಟೂ ಸಾಲ ಹಾಗೇ ಕೂತಿತ್ತು, ಕೂತಲ್ಲೇ ದಪ್ಪಗಾಗುತ್ತಿತ್ತು, ನಡುವೆ ಕೀರ್ತನಾಗೆ ಜ್ವರ, ನಡುವೆ ಅತ್ತೆಯ ಕಣ್ಣಿನ ಆಪರೇಶನ್ನು, ಉಜ್ಜು, ಮತ್ತೆ ಉಜ್ಜು. ಎಲ್ಲಿಗಜ್ಜ, ಚಿಲ್ಲರ ಇಲ್ಲೇನು, ಹೋಗ್ಲಿ ಕುಂದ್ರು. ಕೊನೆಗೆ ಬೇಸತ್ತು ಕಟ್ಟುವುದನ್ನೇ ಬಿಟ್ಟಳು, ಆಮೇಲೆ ವಸೂಲಿಯವರ ಫೋನುಗಳು ಶುರುವಾದವು, ಟಿಕೆಟ್ಟು ಹರಿಯುವಾಗ, ಉಣ್ಣುವಾಗ, ಮೈಲಾರಕ್ಕೆ ಹೋಗಿ ಮೈಲಾರಲಿಂಗನ ಮುಂದೆ ಭಂಡಾರ ಹಚ್ಚಿಕೊಂಡು ಕಣ್ಣು ಮುಚ್ಚಿ ನಿಂತಾಗ ಕೂಡ, ಬ್ಲೌಸಿನೊಳಗೆ ಫೋನು ಗುರ್ ಗುರ್. ಕೊನೆಯಲ್ಲಿ ಒಬ್ಬ ಬಹಳ ಮೆತ್ತಗೆ ಮಾತಾಡುವವನು ಬಂದ, ಅಕ್ಕಾರ, ಅರ್ಧ ಕಟ್ಟಿಬಿಡ್ರಿ, ಉಳಿದ ಅರ್ಧ ನಾವು ಬಿಡ್ತೀವಿ, ಸೆಟಲ್ಮೆಂಟ್ ಅಂತಾರ ಇದಕ್ಕ, ಅಂದ. ಅವಳು ಕೈ ಮುಗಿದಳು ಅವನಿಗೆ. ಬೀರಲಿಂಗೇಶ್ ಎರಡು ಟಗರು ಮಾರಿ ದುಡ್ಡು ತಂದ, ನೋಡು, ಜಗತ್ತಿನಾಗ ಒಳ್ಳೇರು ಇನ್ನೂ ಅದಾರ, ಅಂದ. ಕಾಗದಕ್ಕೆ ರುಜು ಹಾಕಿ ಆ ಸಲದ ಹಬ್ಬಕ್ಕೆ ಹೋಳಿಗೆ ಮಾಡಿ ಉಂಡರು. ಬಿಟ್ಟುಕೊಟ್ಟ ಆ ಅರ್ಧ ಎಲ್ಲೂ ಹೋಗಿರಲಿಲ್ಲ, ಅವಳ ಹೆಸರಿಗೆ ಅಂಟಿಕೊಂಡೇ ಇತ್ತು, ಇವಳು ಪೂರ್ತಿ ಕಟ್ಟದೆ ಕೈ ಎತ್ತಿದವಳು ಎಂದು.

ಅದು ಗೊತ್ತಾದದ್ದು ಮನೆ ಸಾಲಕ್ಕೆ ಹೋದಾಗ. ಮೊದಲ ಸಲ ಹೋದಾಗ ಪ್ರವೀಣಕುಮಾರ್ ಸಾರ್ ಕಂಪ್ಯೂಟರು ಅವಳ ಕಡೆ ತಿರುಗಿಸಿ, ನೋಡ್ರಿ ಮೇಡಂ, ಸಂಬಳ ಚೆನ್ನಾಗೈತೆ, ನೌಕರಿ ಚೆನ್ನಾಗೈತೆ, ಸಾಲ ಕಟ್ಟಿದ್ದಕ್ಕೆ ಕೊಡೋ ಮಾರ್ಕ್ಸು, ಸಿಬಿಲ್ ಸ್ಕೋರು, ಅದು ಮಾತ್ರ ಐನೂರೂ ಚಿಲ್ರೆ, ಇದನ್ನ ಇಟ್ಕೊಂಡು ನಾನು ಮೇಲಕ್ಕೆ ಫೈಲು ಕಳ್ಸಿದ್ರೆ ನನ್ನನ್ನೇ ಬೈತಾರೆ, ಅಂದರು, ಹರಪನಹಳ್ಳಿ ಕಡೆಯ ಮನುಷ್ಯ, ಮಾತು ಮೆತ್ತಗೆ, ಆದರೆ ಅಲ್ಲಾಡುವವರಲ್ಲ. ಸ್ಕೋರು ಕೆಂಪು ಬಣ್ಣದಲ್ಲಿತ್ತು. ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸು ಬಂದವಳು ತಾನು, ಇಲ್ಲಿ ನಪಾಸು. ಹಾಗಾದ್ರ ಏನ್ ಮಾಡ್ಬೇಕ್ರಿ ಸಾರ್. ಆ ಹಳೇ ಅರ್ಧ ಕಟ್ಟಿ ಪೂರ್ತಿ ಮುಗಿಸಿದ ಕಾಗದ ತಗೊಳ್ರಿ, ಆಮೇಲೆ ಒಂದು ಠೇವಣಿ ಇಡ್ರಿ, ಠೇವಣಿ ಮೇಲೆ ಒಂದು ಕಾರ್ಡು ಕೊಡ್ತೀವಿ, ಅದನ್ನ ಸ್ವಲ್ಪೇ ಸ್ವಲ್ಪ ಬಳಸಿ ಬಿಲ್ಲು ಬಂದ ಕೂಡ್ಲೆ ಪೂರ್ತಿ ಕಟ್ರಿ, ಏರ್ತೈತೆ. ಮತ್ತ ಕಾರ್ಡೇನ್ರಿ ಸಾರ್, ಎಂದು ಅವಳು ಕುರ್ಚಿಯಿಂದ ಎದ್ದೇ ಬಿಟ್ಟಿದ್ದಳು, ಸುಟ್ಟ ಕೈಯನ್ನು ಮತ್ತೆ ಒಲೆಗಿಡಲು ಹೇಳಿದಂತಿತ್ತು. ಆದರೂ ಇಟ್ಟಳು. ಮತ್ತೆ ಟಗರು ಹೋದವು, ಕಿವಿಯ ಬೆಂಡೋಲೆ ಹೋದವು, ಆ ಹೊಸ ಕಾರ್ಡಿನಿಂದ ಬೀರಲಿಂಗೇಶನ ಗಾಡಿಗೆ ಪೆಟ್ರೋಲು, ಮನೆಗೆ ಒಂದು ಡಬ್ಬಿ ಎಣ್ಣೆ, ಅಷ್ಟೇ, ಮೂರನೆಯ ಸಾಮಾನಿಗೆ ಕೈ ಹೋಗಲಿಲ್ಲ, ಕೀರ್ತನಾ ಸೈಕಲ್ಲು ಕೇಳಿದಳು, ಇಲ್ಲ, ಅವ್ವ ಕಾರ್ಡು ಐತಲ್ಲ, ಇಲ್ಲ ಅಂದೆನಲ್ಲ — ಮಗಳು ಎರಡು ದಿನ ಮಾತು ಬಿಟ್ಟಳು. ಸ್ಕೋರು ಮಾತ್ರ ಎಮ್ಮೆ ಕೆರೆಯಿಂದ ಏಳುವ ಹಾಗೆ ಎದ್ದಿತು, ಮೊದಲು ತಲೆ, ಆಮೇಲೆ ಬಹಳ ಹೊತ್ತು ಏನೂ ಇಲ್ಲ, ಆಮೇಲೆ ಬೆನ್ನು. ಬೇರೆಯವರ ಮನೆಯಲ್ಲಿ ಟಿವಿ ಕೊಂಡ ಸುದ್ದಿ, ಬಂಗಾರ ಕೊಂಡ ಸುದ್ದಿ, ಇವರ ಮನೆಯಲ್ಲಿ ಹೋದ ತಿಂಗಳಿಗಿಂತ ಹನ್ನೊಂದು ಏರೇತಿ ಎನ್ನುವ ಸುದ್ದಿ, ಅದಕ್ಕೇ ಗಂಡ ಹೆಂಡತಿ ನಗಬೇಕು. ಏಳುನೂರ ನಲವತ್ತು ದಾಟಿದ ದಿನ ಪ್ರವೀಣಕುಮಾರ್ ಸಾರ್ ತಾವೇ ಫೋನು ಮಾಡಿದರು, ಹಸಿರು ಬಣ್ಣಕ್ಕೆ ಬಂದ್ರಿ ಮೇಡಂ. ಅವಳು ಡಿಪೋದ ಹಿಂದೆ ಹೋಗಿ ಒಬ್ಬಳೇ ಅತ್ತಳು. ಸಂತೋಷಕ್ಕಲ್ಲ, ಸುಸ್ತಿಗೆ.

ಮನೆ ರೈಲು ನಿಲ್ದಾಣದ ಹಿಂದಿನ ಓಣಿಯಲ್ಲಿದೆ, ಒಂದು ಹಾಲು, ಒಂದು ಕೋಣೆ, ಅಡುಗೆಮನೆ, ಅಂಗಳದಲ್ಲಿ ತಮ್ಮದೇ ನಲ್ಲಿ — ನಲ್ಲಿಯನ್ನು ತಿರುಗಿಸಿ ತಿರುಗಿಸಿ ನೋಡಿದ್ದಳು. ಕೊಟ್ರಬಸಪ್ಪ ಬೀಜ ಗೊಬ್ಬರದ ವ್ಯಾಪಾರಿ, ದೊಡ್ಡ ಮನೆ ಕಟ್ಟಿಸಿದ್ದಾನೆ, ಇದನ್ನು ಮಾರಬೇಕು, ಕೆಟ್ಟವನಲ್ಲ, ಎರಡು ಸಲ ವಾಯಿದೆ ಮುಂದೆ ಹಾಕಿಕೊಟ್ಟ, ಮೂರನೆಯ ಸಲ ಮಾತ್ರ ನೋಡು ತಂಗಿ, ವಾಯಿದೆ ದಿನ ಮಧ್ಯಾಹ್ನದೊಳಗ ಆತಂದ್ರ ಆತು, ಇಲ್ಲಂದ್ರ ನನ್ನ ಮ್ಯಾಲ ಬ್ಯಾಸರ ಮಾಡ್ಕಬ್ಯಾಡ, ಅತ್ತ ಕಡಿಯವ್ರು ಪೂರ್ತಿ ರೊಕ್ಕ ಹಿಡ್ಕಂಡು ಕುಂತಾರ, ನಿನ್ನ ಮುಂಗಡನೂ ಆಗ ನನಗ ವಾಪಸ್ ಕೊಡಾಕ ಬರಾಂಗಿಲ್ಲ, ಅಂದಿದ್ದ. ಹಂಪಸಾಗರದಿಂದ ಅವ್ವ ಬಂದು ಮನೆ ನೋಡಿದಳು, ಭರಮಮ್ಮ, ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಬಂದು ಹಾಲಿನ ನಡುವೆ ನಿಂತು, ಎದುರಿನ ಗೋಡೆಯನ್ನು ಏನೋ ಲೆಕ್ಕ ಹಾಕಿದವಳಂತೆ ನೋಡಿ, ಯವ್ವಾ ರೇಣವ್ವ, ಈ ಗ್ವಾಡಿ ಮಾತ್ರ ಖಾಲಿ ಬಿಡು, ಅಂದಳು. ಯಾಕಬೇ. ಬಿಡು ಅಂದ್ರ ಬಿಡು. ತಮ್ಮ ಕಾಂತೇಶ್ ಹಿಂದೆ ನಿಂತು ನಗುತ್ತಿದ್ದ, ಅವನದೂ ಒಂದು ನಗು, ಮೀಸೆ ಬಂದರೂ ಹಲ್ಲು ಬಿದ್ದ ಹುಡುಗನ ನಗು. ಪ್ರವೀಣಕುಮಾರ್ ಸಾರ್ ಖಡಾಖಂಡಿತ ಹೇಳಿದ್ದರು, ಡಿಡಿ ಕೊಟ್ರಬಸಪ್ಪನ ಕೈ ಸೇರೋವರೆಗೆ ಏನೂ ಮಾಡಂಗಿಲ್ಲ ಮೇಡಂ, ಕಾರ್ಡು ಉಜ್ಜಂಗಿಲ್ಲ, ಹೊಸ ಸಾಲ ಇಲ್ಲ, ಜಾಮೀನು ಇಲ್ಲ, ನನಗೆ ಸಾಲ ಸಿಗ್ತೈತಾ ಅಂತ ಎಲ್ಲೂ ಕೇಳಂಗೂ ಇಲ್ಲ, ಕೇಳಿದ್ದೂ ಸಿಬಿಲ್ ರಿಪೋರ್ಟಿನಾಗೆ ಬೀಳ್ತೈತೆ, ಡಿಡಿ ಬರಿಯೋ ದಿನ ಬೆಳಿಗ್ಗೆ ನಾನು ಇನ್ನೊಂದು ಸಲ ನೋಡೇ ನೋಡ್ತೀನಿ. ಅವಳು ಅದನ್ನು ಒಂದೊತ್ತಿನ ವ್ರತದಂತೆ ಹಿಡಿದಳು. ಕಾರ್ಡನ್ನು ಅರಿವೆಯಲ್ಲಿ ಸುತ್ತಿ ದೇವರ ಜಗಲಿಯ ಹಿಂದೆ ಇಟ್ಟಳು. ಗಂಡನಿಗೆ ಹೇಳಿದಳು, ಮಗಳಿಗೆ ಹೇಳಿದಳು, ನಾಗರತ್ನಳಿಗೆ ಕೂಡ ಹೇಳಿದಳು. ತವರಿಗೆ ಹೇಳಲಿಲ್ಲ. ತವರಿಗೆ ಹೇಗೆ ಹೇಳುವುದು, ಸಾಲ ಮಾಡಿ ಹೆಸರು ಕೆಡಿಸಿಕೊಂಡಿದ್ದೆ ಎಂದು, ಅವ್ವನ ಮುಂದೆ, ಮಗಳ ನೌಕರಿಯ ಸುದ್ದಿಯನ್ನು ಇನ್ನೂ ಸಂತೆಯಲ್ಲಿ ಹೇಳಿಕೊಂಡು ತಿರುಗುವ ಅವ್ವನ ಮುಂದೆ. ಅವರಿಗೆ ಗೊತ್ತಿದ್ದದ್ದು ಒಂದೇ, ರೇಣುಕಾ ರೊಕ್ಕ ಕೂಡಿಸಿ ಮನೆ ಕೊಳ್ಳುತ್ತಿದ್ದಾಳೆ.

ಫೋನು ಗುರ್ ಅಂದಿತು. ಚೀಲದಿಂದ ತೆಗೆದು ನೋಡಿದರೆ ಪ್ರವೀಣಕುಮಾರ್ ಸಾರ್, ಮೊದಲೇ ನಾಲ್ಕೈದು ಸಲ ಮಾಡಿದ್ದಾರೆ, ಗದ್ದಲದಲ್ಲಿ ಕೇಳಿಲ್ಲ, ಡಿಡಿ ಬರೆದಾಯಿತು ಎಂದು ಹೇಳಲು ಇರಬೇಕು, ಹೆಸರಿನ ಇನಿಶಿಯಲ್ಲು ಕೇಳಲು ಇರಬೇಕು — ಹಲೋ ಸಾರ್, ಬಸ್ಸಿನ್ಯಾಗ ಅದೀನ್ರಿ, ಹೇಳ್ರಿ. ಮೇಡಂ, ಹೊಸ ಕಾರ್ಡೇನಾದ್ರೂ ತಗೊಂಡ್ರಾ. ಇಲ್ರಿ ಸಾರ್. ನೆನಪು ಮಾಡ್ಕೊಳ್ರಿ. ಇಲ್ರಿ ಸಾರ್, ಇರೋದೊಂದನ್ನೇ ಅರಿವ್ಯಾಗ ಸುತ್ತಿ ಇಟ್ಟೀನಿ. ಆ ಕಡೆ ಉಸಿರು ಬಿಟ್ಟದ್ದು ಕೇಳಿಸಿತು, ರಿಪೋರ್ಟಿನಾಗೆ ಐತಲ್ರಿ ಮೇಡಂ, ಫೈನಾನ್ಸಿನ ಇಎಂಐ ಕಾರ್ಡು, ಹೋದ ವಾರ ಆಗೈತೆ, ಅದ್ರ ಮೇಲೆ ಮನೆ ಸಾಮಾನಿಗೆ ಅಂತ ಸಾಲನೂ ಆಗೈತೆ, ನಿಮ್ದೇ ಪ್ಯಾನು, ನಿಮ್ದೇ ಆಧಾರ್, ನಿಮ್ದೇ ನಂಬರು. ನಾನ್ ಮಾಡಿಲ್ರಿ ಸಾರ್. ಇರಬಹುದು ಮೇಡಂ, ನೀವೇ ಮಾಡೀರಿ ಅಂತ ನಾನೂ ಅನ್ನಲ್ಲ, ಆದ್ರೆ ನಿಮ್ಮ ಹಳೇ ಕಥಿ ನೋಡಿ ಮೇಲಿನೋರು ಷರತ್ತು ಹಾಕಿ ಮಂಜೂರು ಮಾಡಿದ್ದು, ಹೊಸ ಸಾಲ ಕಂಡ್ರೆ ಡಿಡಿ ನಿಲ್ಸು ಅಂತಾನೇ ಬರ್ದಾರೆ, ಫೈಲು ಮತ್ತೆ ಹೊಸಪೇಟೆಗೆ ಹೋಗ್ಬೇಕು. ಇವತ್ತೇ ಅದನ್ನ ಕಟ್ಟಿ ಮುಚ್ಚಿದ್ರ ನಡಿಯಂಗಿಲ್ಲೇನ್ರಿ. ಮುಚ್ಚಿದ್ದು ರಿಪೋರ್ಟಿಗೆ ಬರಾಕೆ ತಿಂಗ್ಳು ಹಿಡಿತೈತೆ ಮೇಡಂ, ಇವತ್ತು ಆಗಲ್ಲ, ನನ್ನ ಕೈಯಾಗಿಲ್ಲ, ಕೊಟ್ರಬಸಪ್ಪನೋರ ಹತ್ರ ಇನ್ನೊಂದು ವಾಯಿದೆ ಕೇಳ್ರಿ. ಕೊಡಾಂಗಿಲ್ರಿ ಅವ್ರು. ಕೇಳಿ ನೋಡ್ರಿ, ಅಂದರು, ಫೋನು ಇಟ್ಟರು. ಕಂಡಕ್ಟರ್ರೇ, ಟಿಕೆಟ್ ಕೊಡ್ರಿ, ನಂದು ಎಷ್ಟಾಯ್ತು — ಎಲ್ಲಿಗಂದ್ರಿ, ಅಂದಳು, ಅವನು ಹೇಳಿದ, ಬೆರಳು ತಾನೇ ಒತ್ತಿತು, ಚಿಲ್ಲರೆ ಕೊಟ್ಟಿತು, ಬೆರಳು ತನ್ನ ಪಾಡಿಗೆ ತಾನು ನೌಕರಿ ಮಾಡುತ್ತಿದೆ.

ಯಾರು. ಯಾವ ಕಳ್ಳ. ಪೇಪರಿನಲ್ಲಿ ಬರುತ್ತದಲ್ಲ, ಎಲ್ಲೋ ಕೂತವರು ಇನ್ಯಾರದೋ ಹೆಸರಿಗೆ ಸಾಲ ಎತ್ತುತ್ತಾರಂತೆ, ಅಂಥವನ ಕಣ್ಣಿಗೆ ಸಾವಿರ ಜನ ಬಿಟ್ಟು ತಾನೇ ಬಿದ್ದೆನೇ — ಬೀರಲಿಂಗೇಶನೇ, ಛೆ, ಅವನಿಗೆ ಎಟಿಎಮ್ಮಿನಿಂದ ದುಡ್ಡು ತೆಗೆಯಲೂ ಬರುವುದಿಲ್ಲ, ಕೀರ್ತನಾಳೇ, ಸೈಕಲ್ಲಿಗೆ, ಇಲ್ಲ, ಸೈಕಲ್ಲು ಬಂದಿಲ್ಲ — ನಿಮ್ದೇ ನಂಬರು ಅಂದರು, ನಂಬರು ತನ್ನದಾದರೆ ಓಟಿಪಿ ತನಗೇ ಬಂದಿರಬೇಕು, ತಾನು ಯಾರಿಗೂ ಓಟಿಪಿ, ತಾನು ಯಾರಿಗೂ. ಹರಪನಹಳ್ಳಿ ನಿಲ್ದಾಣ. ಹೋದ ವಾರ. ಬಸ್ಸು ಬಾಗಿಲವರೆಗೆ ತುಂಬಿ, ಒಂದು ಕೂಸು ಕಿರುಚಿ, ಸೀಟಿಗಾಗಿ ಇಬ್ಬರು ಹೆಂಗಸರು ಜುಟ್ಟು ಹಿಡಿಯುವುದೊಂದು ಬಾಕಿ, ಆಗ ಫೋನು, ಅಕ್ಕಾ ನಾನಬೇ, ನಿನ್ನ ಫೋನಿಗೆ ಒಂದು ನಂಬರ್ ಬಂದೈತಿ ನೋಡು, ಲಗೂನ ಹೇಳು. ಎಂಥ ನಂಬರಲೇ. ಕೇಳಬ್ಯಾಡ, ಹೇಳು ಅಂದ್ರ ಹೇಳು, ಹೊಸ ಮನಿಗೆ ಹೋದಾಗ ನಿನಗ ಗೊತ್ತಾಗ್ತೈತಿ. ಅವಳು ಓದಿ ಹೇಳಿದ್ದಳು, ಕೆಳಗೆ ಇಂಗ್ಲಿಷಿನಲ್ಲಿ ಏನೇನೋ ಇತ್ತು, ಓದಲಿಲ್ಲ, ಯಾಕೆ ಓದಬೇಕು, ಕೇಳಿದವನು ಕಾಂತೇಶ್. ಎತ್ತಿಕೊಂಡು ಆಡಿಸಿದ ಕಾಂತೇಶ್. ಪ್ಯಾನು ಆಧಾರ್ ಅವನ ಫೋನಿನಲ್ಲಿದ್ದವು, ಅಪ್ಪ ಸತ್ತ ಮೇಲೆ ಹೊಲದಲ್ಲಿ ತನ್ನ ಪಾಲು ಬಿಟ್ಟುಕೊಡುವಾಗ ಕಾಗದಕ್ಕೆಂದು ತಾನೇ ಫೋಟೋ ಕಳಿಸಿದ್ದು, ಅತ್ತೆ ಬೈದಿದ್ದಳು, ಬೀರಲಿಂಗೇಶ್ ಎದ್ದು ಹೊರಗೆ ಹೋಗಿದ್ದ, ಅವಳು ಮಾತ್ರ ಹಗುರಾಗಿ ರುಜು ಹಾಕಿ ಬಂದಳು, ಇರುವುದೇ ತುಂಡು ಹೊಲ, ಅವನಿಗೂ ಇಲ್ಲದಂತಾಗುವುದು ಬೇಡ ಎಂದು. ರುಜು ಹಾಕಿದ ಕಚೇರಿಯ ಮೆಟ್ಟಿಲ ಮೇಲೆ ಅವನು ತಲೆ ತಗ್ಗಿಸಿ, ಅಕ್ಕಾ, ಇದರ ಋಣ ನಾ ಹೆಂಗ ತೀರಿಸ್ಲಿ, ಅಂದ. ತಾನು ಏನಂದೆ, ಏನಂದೆ ಅವತ್ತು, ಅವನ ಮುಖ ನೋಡಲಾರದೆ ನಗೆಚಾಟಿಕೆಗೆ ಅಂದದ್ದು — ತೀರಿಸುವಂತಿ ಬಿಡಲೇ, ನಾ ಮನಿ ಮಾಡಿದಾಗ ಕನ್ನಡಿ ಬೀರು ತರುವಂತಿ. ಈ ಗ್ವಾಡಿ ಮಾತ್ರ ಖಾಲಿ ಬಿಡು. ಹಿಂದೆ ನಿಂತು ನಕ್ಕವನು. ಅಂಗಡಿಯವರು ಕೇಳಿರುತ್ತಾರೆ, ನಿನ್ನ ಹೆಸರಿಗೆ ಬರಾಂಗಿಲ್ಲಪ್ಪ, ಸ್ಕೋರೇ ಇಲ್ಲ ನಿನಗ, ಮನ್ಯಾಗ ನೌಕರಿ ಇದ್ದೋರು ಯಾರದಾರ — ಇವನು ಎದೆ ಉಬ್ಬಿಸಿ ಹೇಳಿರುತ್ತಾನೆ, ನಮ್ಮಕ್ಕ ಅದಾಳ. ಕಂತು ತಾನೇ ಕಟ್ಟುತ್ತೇನೆ ಎಂದು ಮನಸ್ಸಿನಲ್ಲೇ ಅಕ್ಕನ ಕಾಲು ಮುಟ್ಟಿ ಆಣೆ ಮಾಡಿರುತ್ತಾನೆ, ಕಟ್ಟಿಯೂ ಕಟ್ಟುತ್ತಾನೆ, ಮರಿ ಮಾರಿ, ಉಣ್ಣೆ ಮಾರಿ, ಒಂದು ತಿಂಗಳೂ ತಪ್ಪಿಸುವುದಿಲ್ಲ. ಸಿಟ್ಟು ಬರಲಿ ಎಂದು ಕಾದಳು. ಬರಲಿಲ್ಲ. ಸಿಟ್ಟಿಗೂ ಒಂದಿಷ್ಟು ತ್ರಾಣ ಬೇಕು, ಇರುವ ತ್ರಾಣವನ್ನೆಲ್ಲ ಆ ಏಳುನೂರ ನಲವತ್ತಕ್ಕೆ ಸುರಿದಾಗಿತ್ತು. ಅಂಗಡಿಯವರ ತಪ್ಪಲ್ಲ, ಅವನ ತಪ್ಪಲ್ಲ, ತವರಿಗೆ ಒಂದು ಮಾತು ಹೇಳಬೇಕಿತ್ತು. ನಾಚಿಕೆ ಬಿಟ್ಟು ಹೇಳಬೇಕಿತ್ತು.

ಗೇಟ್ ಬಿತ್ತಪಾ, ಅಂದ ಓಬಳೇಶ್, ಬ್ರೇಕು ಹಾಕಿದ, ರೈಲ್ವೆ ಗೇಟು, ಊರು ಅಲ್ಲೇ ಕಾಣುತ್ತಿದೆ, ಇಂಜಿನ್ನು ಆಫ್ ಮಾಡಿದೊಡನೆ ಬಸ್ಸು ಒಮ್ಮೆಲೇ ಸುಮ್ಮನಾಯಿತು, ಯಾರದೋ ಬುಟ್ಟಿಯಲ್ಲಿ ಕೋಳಿ ಕೊರ್ ಅಂದದ್ದು ಕೂಡ ಕೇಳಿಸಿತು. ಮುಂದೆ ಆಟೋ ನಿಂತಿದೆ, ಈಗ ಬಹಳ ಹತ್ತಿರ, ಬಸ್ಸಿನ ಮೂತಿಗೆ ತಗಲುವಷ್ಟು, ಬೀರುವಿನ ನೆತ್ತಿಗೆ ಕುಂಕುಮ, ಬಾಗಿಲ ಹಿಡಿಗೆ ಒಂದು ಮೊಳ ಕನಕಾಂಬರ, ಆ ಕೈ. ಆ ಕೈಯ ಮಣಿಕಟ್ಟಿನಲ್ಲಿ ಮೈಲಾರದ ಹಳದಿ ದಾರ, ಹೋದ ಸಲ ಅಕ್ಕ ತಮ್ಮ ಇಬ್ಬರೂ ಒಟ್ಟಿಗೆ ಕಟ್ಟಿಸಿಕೊಂಡಂಥದು. ಇಲ್ಲ, ಅಂದುಕೊಂಡಳು, ಊರಿಗೆಲ್ಲ ಒಂದೇ ದಾರ, ಯಾರದೋ ಇರುತ್ತದೆ, ಅಷ್ಟರಲ್ಲಿ ಕೈಯ ಒಡೆಯ ಆಟೋದಿಂದ ಹಾರಿ ಇಳಿದ, ಹೆಗಲ ಮೇಲಿನ ಟವೆಲ್ಲು ತೆಗೆದ, ರಸ್ತೆಯ ಧೂಳು ಕೂತ ಕನ್ನಡಿಯನ್ನು ಮೇಲಿನಿಂದ ಕೆಳಗೆ, ಕುರಿಮರಿಯ ಮೈ ಒರೆಸುವಂತೆ ಒರೆಸತೊಡಗಿದ, ಒರೆಸಿದಷ್ಟೂ ಬಸ್ಸು ಅದರೊಳಗೆ ನಿಚ್ಚಳವಾಯಿತು, ಬಸ್ಸಿನ ಬೋರ್ಡು, ಓಬಳೇಶ್, ಕಂಬಕ್ಕೆ ಆನಿಕೊಂಡು ನಿಂತ ಖಾಕಿ ಕೋಟಿನ ಹೆಂಗಸು. ಅವನ ಕೈ ನಿಂತಿತು. ಕನ್ನಡಿಯೊಳಗೇ ಅವಳನ್ನು ಕಂಡ. ಹಿಂದೆ ತಿರುಗಲಿಲ್ಲ, ಕನ್ನಡಿಯಲ್ಲೇ ಕಣ್ಣು ದೊಡ್ಡದು ಮಾಡಿ, ಕದ್ದು ಸಿಕ್ಕಿಬಿದ್ದವನಂತೆ ನಾಲಿಗೆ ಕಚ್ಚಿ, ಟವೆಲ್ಲು ಅಗಲ ಮಾಡಿ ಎರಡೂ ಕೈಯಿಂದ ಕನ್ನಡಿಗೆ ಅಡ್ಡ ಹಿಡಿದ, ಅಕ್ಕಾ, ನೋಡಬ್ಯಾಡ ನೋಡಬ್ಯಾಡ, ಮನ್ಯಾಗ ಇಟ್ಟ ಮ್ಯಾಲ ನೋಡುವಂತಿ, ಎಂದು ಕೂಗಿದ, ಬಸ್ಸಿನ ಹೆಂಗಸರೆಲ್ಲ ನಕ್ಕರು, ನಿಮ್ಮ ತಮ್ಮನೇನ್ರಿ, ಪುಣ್ಯ ಮಾಡೀರಿ ಬಿಡ್ರಿ, ತವರಂದ್ರ ಹಿಂಗಿರಬೇಕು. ಹೌದ್ರಿ, ಅಂದಳು. ಬಾಡಿಗೆ ಮನೆಯ ಬಾಗಿಲು ಗಿಡ್ಡ, ಇಂಥದು ಒಳಗೆ ಹೋಗುವುದಿಲ್ಲ, ಅಡ್ಡ ಮಲಗಿಸಿದರೂ ಹೋಗುವುದಿಲ್ಲ. ಇಳಿಸುವುದು ಎಲ್ಲಿ. ಬೇವಿನ ಮರದ ಕೆಳಗೆ ಬೀರಲಿಂಗೇಶ್ ಎದ್ದು ಎದ್ದು ರಸ್ತೆ ನೋಡುತ್ತಿರುತ್ತಾನೆ, ಫೋನು ಮತ್ತೆ ಗುರ್ ಅನ್ನುತ್ತಿದೆ, ಅವನೇ, ತೆಗೆಯಬೇಕು, ತೆಗೆದು ಹೇಳಬೇಕು, ಏನೆಂದು. ಛಲೋ ಐತೇನಬೇ ಅಕ್ಕಾ, ಬಣ್ಣ ನಿನಗ ಸೇರ್ತೋ ಇಲ್ಲೋ. ಛಲೋ ಐತಲೇ. ಭಾಳ ಛಲೋ ಐತಿ. ಅವನಿಗೆ ಅಷ್ಟೇ ಸಾಕಾಯಿತು, ಟವೆಲ್ಲು ಕೆಳಗಿಳಿಸಿದ, ರೈಲು ಎಲ್ಲೋ ಕೂಗಿತು, ಇನ್ನೂ ಬಂದಿಲ್ಲ, ಬಿಸಿಲು ಕನ್ನಡಿಗೆ ಬಿತ್ತು, ಕನ್ನಡಿಯಲ್ಲಿ ಮುಚ್ಚಿದ ಗೇಟಿನ ಮುಂದೆ ಒಂದು ಬಸ್ಸು ನಿಂತಿದೆ, ಬಸ್ಸಿನಲ್ಲಿ ಒಬ್ಬಳು ಹೆಂಗಸು, ತಲೆಯಿಂದ ಸೊಂಟದವರೆಗೆ ಕಾಣುತ್ತಾಳೆ, ಕೈಯಲ್ಲಿ ಮೆಷಿನ್ನು, ಮೆಷಿನ್ನಿನ ಬಾಯಲ್ಲಿ ಹರಿಯದೆ ಬಿಟ್ಟ ಒಂದು ಸೊನ್ನೆ ಟಿಕೆಟ್ಟು, ಅವಳ ಪಕ್ಕದಲ್ಲಿ ತಮ್ಮ, ತಮ್ಮ ನಗುತ್ತಿದ್ದಾನೆ, ಕನ್ನಡಿಯಲ್ಲಿ ಒಬ್ಬಳು ಹೆಂಗಸು, ಅವಳೂ ನಗುತ್ತಿದ್ದಾಳೆ, ಕನ್ನಡಿಯಲ್ಲಿ ಒಬ್ಬಳು ಹೆಂಗಸು.